ಕಿಟ್ಟಣ್ಣನ ಕೊನೆಯ ಎಣಿಕೆ

ಆ ಶನಿವಾರ ನಳಿನಿ ಐರೋಲಿಯಲ್ಲಿ ರೈಲಿಳಿದಾಗ ರಾತ್ರಿ ಹನ್ನೊಂದೂವರೆ. ರಿಕ್ಷಾ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಖಾಡಿ ಅನ್ನುವ ಕಡಲ ಹಿನ್ನೀರಿನ ಒಡ್ಡಿನ ಮೇಲೆ ನಡೆದಳು. ಊರಲ್ಲಾದರೆ ಆಲದ ಮರ, ಹಾಳುಬಾವಿ. ಇಲ್ಲಿ ಒಂದು ಕಡೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಪೊದೆ, ಇನ್ನೊಂದು ಕಡೆ ತಗಡಿನ ಬೇಲಿ. ಮುಂಬೈ ಸೀಮೆಯಲ್ಲಿ ದೆವ್ವಗಳೂ ಸಿಕ್ಕಿದ ಜಾಗದಲ್ಲಿ ಅಡ್ಜಸ್ಟ್ ಆಗಬೇಕಲ್ಲ.

ಬೇಲಿಯಾಚೆ ಜೌಗುನೆಲ. ಹನ್ನೆರಡು ವರ್ಷ, ಪ್ರತಿ ಭಾನುವಾರ, ಅವಳೂ ಪಕ್ಕದ ಫ್ಲ್ಯಾಟಿನ ಕಿಟ್ಟಣ್ಣನೂ ಅಲ್ಲಿ ಹಕ್ಕಿ ಎಣಿಸಿದ್ದರು. ಕಿಟ್ಟಣ್ಣ ಠಾಣೆಯ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಹೋಟೆಲಿನ ರಿವಾಜನ್ನು ಹಕ್ಕಿಗಳಿಗೂ ತಂದಿದ್ದರು. ಅವರು ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟು ಕೂಗಬೇಕು, ಇವಳು ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳಬೇಕು.

"ಮೆಟ್ಟುಗಾಲು ಹಕ್ಕಿ ನಲವತ್ತು!"

"ನಲವತ್ತು!"

"ಅಡುಗೆಮನೆಯಿಂದ ತಿರುಗಿ ಕೂಗದಿದ್ದರೆ ಅದು ಆರ್ಡರೇ ಅಲ್ಲ ಮಾರಾಯ್ತಿ," ಅನ್ನುತ್ತಿದ್ದರು.

ಫೆಬ್ರವರಿಯ ಒಂದು ಭಾನುವಾರ ಅವರು ಫ್ಲೆಮಿಂಗೊಗಳ ಲೆಕ್ಕ ಕೂಗಿದಾಗ ನಳಿನಿ ಆಫೀಸಿನ ಫೋನಿನಲ್ಲಿದ್ದಳು. "ಒಂದು ನಿಮಿಷ, ಕಿಟ್ಟಣ್ಣ," ಅಂತ ಕೈ ಎತ್ತಿದಳು. ಅವರು ಕಾದರು. ಅವಳು ಫೋನಿಡುವಾಗ ಕತ್ತಲೆಯಾಗಿತ್ತು.

"ನಾಳೆ ಹೇಳ್ತೆ ಬಿಡು."

ನಾಳೆ ಬರಲಿಲ್ಲ. ಅದೇ ರಾತ್ರಿ ಅವರ ಎದೆಬಡಿತ ನಿಂತಿತು.

ಆಮೇಲೆ ಯಾರೋ ಲಾರಿಗಟ್ಟಲೆ ಮಣ್ಣು ಸುರಿದು ಉಬ್ಬರದ ನೀರು ಬರುವ ಬಾಯಿ ಕಟ್ಟಿದರು. ಜೌಗು ಒಣಗಿತು. ಹಕ್ಕಿ ಹೋದವು. ಅವಳು ಕೊಟ್ಟ ದೂರಿಗೆ ಬರುವ ಸೋಮವಾರ ವಿಚಾರಣೆ. ಅಲ್ಲಿ ಹಕ್ಕಿಯೇ ಇರಲಿಲ್ಲ ಅನ್ನುವವರ ಎದುರು ಅವಳ ಕೈಯಲ್ಲಿದ್ದದ್ದು ಒಂದು ನೋಟ್‌ಬುಕ್, ಅದರ ಕೊನೆಯ ಸಾಲು ಖಾಲಿ.

"ಏನೋ ಒಂದು ಬರೀರಿ ಆಂಟಿ, ಮುನ್ನೂರು ಅಂತ. ತೀನ್ ಸೌ ಲಿಖ್ ದೋ," ಅಂದಿದ್ದ ಕಿಟ್ಟಣ್ಣನ ಮಗ ಸಮಿತ್. ಪೆನ್ನು ಹಿಡಿದಿದ್ದಳು. ಬರೆಯಲಾಗಿರಲಿಲ್ಲ.

ಬೇಲಿಯ ಗೇಟಿನಲ್ಲಿ ವಾಚ್‌ಮನ್ ದಿಲೀಪ, ಬೀದರ್ ಕಡೆಯವನು, ಎದ್ದು ನಿಂತ.

"ಅಕ್ಕಾರ… ಈಗ ಒಳಗ ಹೋಗಬ್ಯಾಡ್ರಿ."

"ಯಾಕೋ?"

"ಯಾರೋ ಕೂಗ್ತಾರ್ರಿ. ದಿನಾ." ದನಿ ಇನ್ನೂ ಇಳಿಸಿದ. "ಎರಡೇ ಸಲ."

ನಳಿನಿಗೆ ಎರಡು ಸಲದ ಅರ್ಥ ಗೊತ್ತಿತ್ತು. ಕತ್ತಲಲ್ಲಿ ಮೂರನೇ ಸಲ ಕರೆಯುವವರೆಗೆ ಓಗೊಡಬಾರದು. ಬದುಕಿದ್ದವರು ಮೂರು ಸಲ ಕೂಗುತ್ತಾರೆ. ಸತ್ತವರಿಗೆ ಎರಡೇ. ಅಜ್ಜಿ ಹೇಳಿದ್ದು.

ಆದರೂ ಒಳಗೆ ಹೋದಳು.

ಒಣಗಿದ ಕೆಸರು ಕಾಲಡಿಯಲ್ಲಿ ಹಪ್ಪಳದ ಹಾಗೆ ಚಟ್… ಚಟ್. ನಿಂತಳು. ಸದ್ದು ನಿಂತಿತು. ಆಗ ದೂರದಲ್ಲಿ ಟಕ್… ಟಕ್… ಟಕ್. ದುರ್ಬೀನಿನ ಮೂರು ಕಾಲು ಬಿಚ್ಚುವ ಸದ್ದು. ಹನ್ನೆರಡು ವರ್ಷ ಕೇಳಿದ್ದು. ಅದರ ಹಿಂದೆಯೇ ಗರ್ರ… ಗರ್ರ… ನೂರಾರು ಫ್ಲೆಮಿಂಗೊಗಳು ನಿದ್ದೆಯಲ್ಲಿ ಗೊಣಗುವ ಸದ್ದು. ಕಣ್ಣಿಗೆ ಒಂದೂ ಇಲ್ಲ. ನೀರೇ ಇಲ್ಲ.

"ಫ್ಲೆಮಿಂಗೊ ಮುನ್ನೂರ ಹನ್ನೆರಡು!"

ಅವಳು ಬಾಯಿಗೆ ಸೆರಗು ಒತ್ತಿದಳು.

"ಮುನ್ನೂರ ಹನ್ನೆರಡು!"

ಆಮೇಲೆ… ಏನಿಲ್ಲ. ಖಾಡಿಯ ಸೇತುವೆಯ ಮೇಲೆ ಒಂದು ಟ್ರಕ್ ಹೋಯಿತು. ಮೂರನೇ ಕೂಗು ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಾಯಿತು. ಬದಲಿಗೆ ಒಂದು ಸಣ್ಣ ಕೆಮ್ಮು. ಹೋಟೆಲಿನ ಅಡುಗೆಮನೆಯ ಕಿಟಕಿಯಲ್ಲಿ ಆರ್ಡರ್ ಕೂಗಿ ಕಾಯುವವರ ಕೆಮ್ಮು. ಎರಡು ತಿಂಗಳಿಂದ ಕಾಯುತ್ತಿದ್ದವರು…

ನಳಿನಿ ಸೆರಗು ತೆಗೆದಳು.

"ಮುನ್ನೂರ ಹನ್ನೆರಡು, ಕಿಟ್ಟಣ್ಣ!" ಚೀಲದಿಂದ ನೋಟ್‌ಬುಕ್ ತೆಗೆದಳು. "ಬರಕೊಂಡೆ."

ಭರ್ರ್… ಸಾವಿರ ಒದ್ದೆ ಬಟ್ಟೆ ಒಟ್ಟಿಗೆ ಒದರಿದ ಹಾಗೆ ರೆಕ್ಕೆ. ಮುಖಕ್ಕೆ ಗಾಳಿ ಬಡಿಯಿತು. ಮತ್ತೆ ಮೌನ. ಅವಳು ಅಲ್ಲೇ ಕೂತು ಕತ್ತಲಲ್ಲೇ ಆ ಸಾಲು ತುಂಬಿಸಿದಳು. ಅಂಕೆಗಳು ಸೊಟ್ಟಗಿವೆ. ಈಗಲೂ ನೋಡಬಹುದು.

ಸೋಮವಾರ ನೋಟ್‌ಬುಕ್ ತೆಗೆದುಕೊಂಡರು, ಪುಟ ತಿರುಗಿಸಿದರು, ವಾಪಸ್ ಕೊಟ್ಟು ಥ್ಯಾಂಕ್ಯೂ ಅಂದರು. ಮಳೆಗಾಲಕ್ಕೆ ಮುಂಚೆ ಜೌಗು ಪೂರ್ತಿ ಮುಚ್ಚಿಹೋಯಿತು. ದಿಲೀಪನಿಗೆ ಆಮೇಲೆ ಯಾವ ಕೂಗೂ ಕೇಳಿಸಲಿಲ್ಲ. ನಳಿನಿಗೆ ಕೇಳಬೇಕೆಂಬ ಆಸೆಯಿತ್ತು. ಭಾನುವಾರಗಳಲ್ಲಿ ಬೇಲಿಯ ಹತ್ತಿರ ನಿಂತು ನೋಡಿದಳು.

ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದೇ. ಕಿಟ್ಟಣ್ಣನ ದುರ್ಬೀನು ಅವರು ಹೋದಂದಿನಿಂದ ಇಂದಿನವರೆಗೆ ಸಾನಪಾಡಾದಲ್ಲಿ, ಸಮಿತ್‌ನ ಕಪಾಟಿನ ಮೇಲೆ, ಚೀಲದಲ್ಲೇ ಇದೆ. ಆದರೆ ಆ ಕೂಗು ಕೇಳಿದ ಮರುದಿನ, ಭಾನುವಾರ ಬೆಳಿಗ್ಗೆ, ಬಿರುಕು ಬಿಟ್ಟ ಕೆಸರಿನ ನಡುವೆ, ನಳಿನಿಯೂ ದಿಲೀಪನೂ ಮೂರು ಸಣ್ಣ ಗುಳಿ ಕಂಡರು. ಮೂರರಲ್ಲೂ ನೀರಿತ್ತು. ದಿಲೀಪ ಬೆರಳದ್ದಿ ನಾಲಿಗೆಗೆ ಇಟ್ಟ.

ಉಪ್ಪು.