ಇಂಜಿನ್ ಇಲ್ಲದ ಗಾಡಿಯ ಸದ್ದು

ದೀಪ ಆರಿಸ್ಬೇಡಿ, ಹಾಗೇ ಇರಲಿ. ಇದನ್ನ ನಾನು ಕತ್ತಲಲ್ಲಿ ಹೇಳಲ್ಲ. ನನ್ನ ಭಾವನಿಗೆ ಆದದ್ದು ಇದು. ಸ್ವಂತ ಅಕ್ಕನ ಗಂಡ. ಅರ್ಧ ನಾನೇ ಕಣ್ಣಾರೆ ನೋಡಿದ್ದು.

ಆಗ ನಾನು ಪರದೆ, ಸೋಫಾ ಕವರ್ ಹೊಲಿಯೋ ಕಡೆ ಕೆಲಸಕ್ಕೆ ಹೋಗ್ತಿದ್ದೆ. ಆವತ್ತು ಯಾವುದೋ ಹೋಟೆಲಿನೋರ ಪರದೆ ಮುಗಿಸಿ ಕೊಡೋದಿತ್ತು. ಹೊರಡೋ ಹೊತ್ತಿಗೆ ರಾತ್ರಿ ಬಹಳ ಆಗಿತ್ತು. ಮನೆಗೆ ಬರೋ ದಾರೀಲಿ ಒಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ರು. ಗಾಳಿ ಬೀಸಿದ್ರೆ ಜಾಲರಿ ಕಿರ್ರ್… ಅಂತಿತ್ತು. ಬಾವಿ ದಾಟಿದ್ರೆ ಭಾವನ ಶೆಡ್ಡು, ಅದರ ಹಿಂದೆ ಅವರ ಮನೆ, ಪಕ್ಕದ ಗಲ್ಲೀಲಿ ನಾನಿರೋ ರೂಮು.

ಬಾವಿ ಹತ್ರ ಬರ್ತಿದ್ದ ಹಾಗೆ ಕೇಳಿಸ್ತು. ಡುಗು ಡುಗು ಡುಗು ಡುಗು… ನಿಂತಲ್ಲೇ ಓಡ್ತಿರೋ ಇಂಜಿನ್ ಸದ್ದು. ಅದರ ಮೇಲೆ ಸಣ್ಣಗೆ, ಹಲ್ಲಿನ ಸಂದೀಲಿ ಗಾಳಿ ಎಳೆದ ಹಾಗೆ… ಸೂಯ್…

ಓಹೋ, ಭಾವನ ಗಾಡಿ ಸ್ಟಾರ್ಟ್ ಆಯ್ತು ಅಂದ್ಕೊಂಡೆ. ಖುಷಿ ಆಗ್ಬೇಕಿತ್ತು. ಆಗ್ಲಿಲ್ಲ. ಆ ದಿನಗಳಲ್ಲಿ ನಮಗೆ ಯಾವುದೂ ಏನೂ ಆಗ್ತಿರ್ಲಿಲ್ಲ. ಅಕ್ಕ ಹೋಗಿ ಇನ್ನೂ ವರ್ಷ ತುಂಬಿರ್ಲಿಲ್ಲ.

ಭಾವ ಹಲ್ಲಿನ ಸೆಟ್ಟು ಮಾಡೋರು. ಡಾಕ್ಟರು ಅಚ್ಚು ತೆಗೆದು ಕಳಿಸ್ತಾರಲ್ಲ, ಅದನ್ನ ನೋಡಿ ಬಾಯಿಗೆ ಕೂರೋ ಹಾಗೆ ಹಲ್ಲು ಜೋಡಿಸೋದು. 'ಊರೋರ ಅರ್ಧ ನಗು ನನ್ನ ಕೈಲಿದೆ' ಅಂತ ಜಂಬ ಕೊಚ್ಕೋತಿದ್ರು. ಅಕ್ಕ ಹೋದ ಮೇಲೆ ಆ ಮಾತು ನಿಂತು ಹೋಯ್ತು. ಅತ್ತಿದ್ದೂ ಇಲ್ಲ. ಮಾತಾಡಿಸಿದ್ರೆ ಮಾತಾಡೋರು, ಬಡಿಸಿದ್ರೆ ತಿನ್ನೋರು. ಟೀವಿ ಹಾಕಿದ್ರೆ ನೋಡೋರು, ಆರಿಸಿದ್ರೂ ಹಾಗೇ ನೋಡ್ತಾ ಕೂರೋರು.

ಹೀಗಿರ್ಬೇಕಾದ್ರೆ ಒಂದು ದಿನ ಆ ಗಾಡಿ ತಂದ್ರು. ಹಳೇ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗೋ ಅಷ್ಟು ತಗ್ಗು. ಮುಂದಿನ ದೀಪ ಕಣ್ಣು ರೆಪ್ಪೆ ಹಾಗೆ ಮುಚ್ಚಿ ತೆಗೆಯೋದು… ಅದರಲ್ಲಿ ಒಂದು ಮುಚ್ಚಿಕೊಂಡು ತೆಗೀತಾನೇ ಇರ್ಲಿಲ್ಲ. ಕಾಲೇಜಲ್ಲಿದ್ದಾಗಿಂದ ಭಾವನಿಗೆ ಅದರ ಹುಚ್ಚು. 'ನಾನಿರೋ ತನಕ ಆ ಡಬ್ಬ ಈ ಮನೆಗೆ ಬರಕೂಡದು' ಅಂತಿದ್ಲು ಅಕ್ಕ. ತಮಾಷೆಗೇ ಅಂತಿದ್ದಿದ್ದು.

ಅದು ಟರ್ಬೊ ಗಾಡಿ. ನನಗೂ ಆಗ ಗೊತ್ತಿರ್ಲಿಲ್ಲ, ಭಾವನೇ ಹೇಳಿದ್ದು. ಇಂಜಿನ್ ಪಕ್ಕದಲ್ಲಿ ಬಸವನಹುಳದ ಚಿಪ್ಪಿನ ಹಾಗೆ ಒಂದು ಕಬ್ಬಿಣದ ಗಡ್ಡೆ, ಒಳಗೊಂದು ಚಕ್ರ. ಇಂಜಿನ್ ಬಿಟ್ಟ ಹೊಗೆಯ ರಭಸಕ್ಕೇ ಅದು ತಿರುಗಿ ಮತ್ತೆ ಇಂಜಿನ್ನಿಗೆ ಗಾಳಿ ತುಂಬುತ್ತೆ. ಆ ಸೂಯ್ ಅನ್ನೋ ಸದ್ದು ಅದರದ್ದೇ. ಚೆನ್ನಾಗಿ ಓಡಿಸಿದ ಮೇಲೆ ಕೆಂಪಗೆ ಕಾದಿರುತ್ತೆ. ಬಂದ ತಕ್ಷಣ ಆಫ್ ಮಾಡಿದ್ರೆ ಒಳಗಿನ ಎಣ್ಣೆ ಸುಟ್ಟು ಕರಕಲಾಗಿ ಚಕ್ರ ಕಚ್ಕೊಳ್ಳುತ್ತೆ. ಅದಕ್ಕೇ ಹಳೇ ಗಾಡಿಯೋರು ಮನೆ ಮುಂದೆ ನಿಲ್ಲಿಸಿ, ಸ್ವಲ್ಪ ಹೊತ್ತು ಇಂಜಿನ್ ಹಾಗೇ ಬಿಟ್ಟು, ತಣ್ಣಗಾದ ಮೇಲೆ ಕೀ ತಿರುಗಿಸ್ತಾರಂತೆ.

ಸರಿ. ಆ ರಾತ್ರಿ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಂದು ಬಲ್ಬು. ಭಾವ ಗಾಡಿಯ ಡ್ರೈವರ್ ಪಕ್ಕದ ಸೀಟಲ್ಲಿ ಕೂತಿದ್ದಾರೆ, ಕೈ ಎರಡೂ ತೊಡೆ ಮೇಲೆ, ಬಸ್ಸಿಗೆ ಕಾಯೋರ ಹಾಗೆ. ಸದ್ದು ಬರ್ತಾನೇ ಇದೆ. ಡುಗು ಡುಗು ಡುಗು…

ನಾನು ಮುಂದೆ ಹೋಗಿ ಬಾನೆಟ್ ಕಡೆ ನೋಡಿದೆ.

ಬಾನೆಟ್ ತೆರೆದೇ ಇತ್ತು. ಒಳಗೆ… ಏನೂ ಇಲ್ಲ. ಬರೀ ಗುಂಡಿ. ಕೆಳಗಿನ ನೆಲ ಕಾಣ್ತಿತ್ತು. ಇಂಜಿನ್ ಆಚೆ ಮೂಲೇಲಿ ಸರಪಳಿಗೆ ನೇತಾಡ್ತಿತ್ತು. ಟರ್ಬೊ ಬಿಚ್ಚಿ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟಿದ್ರು.

ಸದ್ದು ಆ ಗುಂಡಿಯಿಂದ ಬರ್ತಿತ್ತು. ನೆಲದ ಮೇಲಿದ್ದ ಸ್ಟೀಲ್ ತಟ್ಟೆಯಲ್ಲಿ ಬೋಲ್ಟು ನಟ್ಟುಗಳು ಆ ನಡುಕಕ್ಕೆ ಚಿಲಿ ಚಿಲಿ ಚಿಲಿ ಅಂತ ಕುಣೀತಿದ್ವು.

"ಭಾವ…" ಅಂದೆ.

ಅವರು ಬಾಯಿ ಮೇಲೆ ಬೆರಳಿಟ್ರು.

ಖಾಲಿ ಡ್ರೈವರ್ ಸೀಟಿಂದ ಯಾರೋ ಕೆಮ್ಮಿದ್ರು. ಒಣ ಕೆಮ್ಮು. ಆಮೇಲೆ ತೀರಾ ಮೆತ್ತಗೆ, ಪಕ್ಕದಲ್ಲಿ ಕೂತೋರಿಗೆ ಹೇಳೋ ಹಾಗೆ…

"ಒಂದ್ನಿಮಿಷ… ಇರು."

ಅಷ್ಟೇ. ಸದ್ದು ನಿಂತಿತು. ತಟ್ಟೆಯಲ್ಲಿ ಒಂದು ನಟ್ಟು ಇನ್ನೂ ಸ್ವಲ್ಪ ಹೊತ್ತು ಗಿರಗಿರ ಸುತ್ತಿ ಬಿತ್ತು.

ಭಾವನ ತೋಳು ಹಿಡಿದು ಹೊರಗೆ ಎಳ್ಕೊಂಡು ಬಂದೆ. ಅವರ ತೋಳು ಮರದ ತುಂಡಿನ ಹಾಗಿತ್ತು.

"ಎಷ್ಟು ದಿನದಿಂದ?"

"ಇಂಜಿನ್ ಇಳಿಸಿದಾಗಿಂದ."

"ಹೆದರಿಕೆ ಆಗಲ್ವಾ ನಿಮಗೆ?"

"ಮೊದಲ ಸಲ ಅವಳೇ ಅಂದ್ಕೊಂಡೆ ಪುಟ್ಟಿ," ಅಂದ್ರು. "ಆಮೇಲೆ ಕೆಮ್ಮು ಕೇಳಿಸ್ತು. ಯಾರೋ ಗಂಡಸು."

ಬರಬೇಕಾದೋಳು ಬಿಟ್ಟು ಇನ್ಯಾರೋ ಬಂದಿದ್ದಾರೆ ಅಂತ ಅವರು ಹೇಳಿದ್ದು, ಕೊರಿಯರ್‌ನೋನು ಪಕ್ಕದ ಮನೆ ಪಾರ್ಸೆಲ್ ತಂದ್ಕೊಟ್ಟ ಅನ್ನೋ ಹಾಗೆ. ಅಷ್ಟು ಸಪ್ಪೆ.

"ಮತ್ತೆ ಅಲ್ಲಿ ಯಾಕೆ ಕೂರ್ತೀರಿ?"

"ಕೇಳೋಕೆ. ಅಲ್ಲಿ ನನ್ನ ಹೆಂಡತೀನ ನೋಡಿದ್ರಾ ಅಂತ."

"…ಏನಂದ್ರು?"

"ಒಂದ್ನಿಮಿಷ ಇರು ಅಂತಾರೆ. ಇನ್ನೇನೂ ಹೇಳಲ್ಲ."

ಅಕ್ಕನನ್ನ ನೆನೆಸ್ಕೊಂಡ್ರೂ ಅಳು ಬರ್ಲಿಲ್ಲ. ಜಾಲರಿ ಕಿರ್ರ್ ಅಂತಿತ್ತು, ಅದನ್ನೇ ಕೇಳ್ತಾ ನಿಂತೆ.

ಆಮೇಲೆ ಭಾವ ಕೆಲಸಕ್ಕೆ ಹೋಗೋದೇ ಬಿಟ್ರು. ಡಾಕ್ಟರ ಕಡೆಯೋರು ಫೋನ್ ಮಾಡಿ ಮಾಡಿ ಸುಸ್ತಾದ್ರು. ಯಾರದೋ ಹಲ್ಲಿನ ಅಚ್ಚುಗಳು ಮೇಜಿನ ಮೇಲೆ ಬಾಯಿ ತೆರ್ಕೊಂಡು ಧೂಳು ತಿಂತಿದ್ವು. ಗಾಡಿ ರಿಪೇರಿನೂ ನಿಂತಿತು. ಯಾಕೆ ಅಂದ್ರೆ, "ಇಂಜಿನ್ ಕೂರಿಸಿದ ಮೇಲೆ ಅವರು ಬರದೇ ಹೋದ್ರೆ?" ಅಂದ್ರು. ಊಟ ಶೆಡ್ಡಲ್ಲೇ. ನಿದ್ದೆ ಆ ಸೀಟಲ್ಲೇ. ಗಲ್ಲದ ಮೂಳೆ ಎದ್ದು ಕಾಣ್ತಿತ್ತು. ಅಕ್ಕ ಆಗಲೇ ಹೋಗಾಗಿತ್ತು, ಇವರೂ ಅದೇ ದಾರಿ ಹಿಡಿದ್ರು ಅಂತ ಅನ್ನಿಸ್ತು ನನಗೆ.

ಗಾಡಿ ಮಾರಿದ್ದು ಒಬ್ಬರು ವಯಸ್ಸಾದ ಹೆಂಗಸು. ಲೈಬ್ರರೀಲಿ ಕೆಲಸ ಮಾಡಿ ರಿಟೈರ್ ಆದೋರು, ಅದಕ್ಕೆ ಎಲ್ಲರೂ ಲೈಬ್ರರಿಯಮ್ಮ ಅಂತಾನೇ ಕರೀತಿದ್ರು. ವಿಳಾಸ ಹುಡುಕ್ಕೊಂಡು ಹೋದೆ. ಗಿಡ್ಡ ಆಕೃತಿ, ದಪ್ಪ ಕನ್ನಡಕ, ಮಾತು ಚುಟುಕು. ಏನಂತ ಶುರು ಮಾಡೋದು? ನಿಮ್ಮ ಗಾಡೀಲಿ ದೆವ್ವ ಇದೆ ಅನ್ನೋಕಾಗುತ್ತಾ?

"ನಿಮ್ಮ ಗಾಡೀಲಿ… ಯಾರೋ ಒಂದ್ನಿಮಿಷ ಇರು ಅಂತಾರೆ ಅಮ್ಮಾ," ಅಂದೆ.

ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸೋಕೆ ಶುರು ಮಾಡಿದ್ರು. ಒರೆಸ್ತಾನೇ ಇದ್ರು.

"ಕೆಮ್ಮಿ ಹೇಳ್ತಾರಾ?"

"ಹೂಂ."

"ನಮ್ಮನೆಯೋರು." ಕನ್ನಡಕ ಹಾಕ್ಕೊಂಡ್ರು. "ಎಲ್ಲಿಗೆ ಹೋಗಿ ಬಂದ್ರೂ ಗೇಟಿನ ಹತ್ರ ಅದೇ ಮಾತು. ಇಂಜಿನ್ ತಣ್ಣಗಾಗ್ಬೇಕು, ಒಂದ್ನಿಮಿಷ ಇರು. ಜೊತೇಲಿ ಕೂತಿರಲಿ ಅಂತ ಅವರ ಆಸೆ. ನಾನು ಒಂದು ದಿನವೂ ಕೂತೋಳಲ್ಲ. ನಿಮ್ಮ ಗಾಡಿ ನೀವೇ ಕಾಯಿರಿ ಅಂತ ಇಳಿದು ಬರ್ತಿದ್ದೆ."

"ಕೊನೇ ದಿನ…?"

"ಕೊನೇ ದಿನನೂ ಅಷ್ಟೇ. ನನಗೆ ಬಾತ್‌ರೂಮಿಗೆ ಅರ್ಜೆಂಟು. ಒಳಗೆ ಬಂದೆ. ಆಮೇಲೆ ಹಾಲು ಕಾಯಿಸಿ, ನ್ಯೂಸ್ ಹಾಕ್ಕೊಂಡು ಕೂತೆ. ಹೊರಗೆ ಇಂಜಿನ್ ಓಡ್ತಾನೇ ಇತ್ತು. ಎಷ್ಟು ಹೊತ್ತು ಅಂದ್ರೆ, ಅದು ಕಿವಿಗೆ ಬೀಳೋದೇ ನಿಂತು ಹೋಯ್ತು. ಪೆಟ್ರೋಲ್ ಖಾಲಿಯಾಗಿ ತಾನಾಗೇ ಆಫ್ ಆದಾಗ ಎದ್ದು ಹೋಗಿ ನೋಡಿದೆ. ಹಾರ್ಟು."

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದ್ರು.

ಆವತ್ತೇ ನನ್ನ ಜೊತೆ ಬಂದ್ರು. ಶೆಡ್ಡಿಗೆ ಹೋಗಿ ಭಾವನ ಮುಂದೆ ನಿಂತ್ರು. ಭಾವ ಸೀಟಿಂದ ಏಳಲೂ ಇಲ್ಲ.

"ನಿಮ್ಮ ಪ್ರಶ್ನೆ ಏನು ಅಂತ ಈ ಹುಡುಗಿ ಹೇಳಿದ್ಲು," ಅಂದ್ರು. "ಅವರು ಉತ್ತರ ಕೊಡಲ್ಲ ಸ್ವಾಮಿ. ಬದುಕಿದ್ದಾಗ ನನಗೇ ಯಾವತ್ತೂ ನೆಟ್ಟಗೆ ಉತ್ತರ ಕೊಟ್ಟೋರಲ್ಲ."

ಭಾವನ ತುಟಿ ಒಂಚೂರು ಅಲುಗಿತು. ಎಷ್ಟೋ ತಿಂಗಳಾದ ಮೇಲೆ ನಾನು ಕಂಡಿದ್ದು.

"ಗಾಡಿ ಮುಗಿಸಿ. ಓಡಿಸ್ಕೊಂಡು ನಮ್ಮ ಮನೆ ಗೇಟಿಗೆ ತನ್ನಿ. ಅವರು ಕಾಯ್ತಿರೋದು ನಿಮ್ಮನ್ನಲ್ಲ."

ಭಾವ ಅವರನ್ನೇ ನೋಡಿದ್ರು. ಆಮೇಲೆ ನಿಧಾನಕ್ಕೆ ಇಳಿದು, ಕೈ ತೊಳ್ಕೊಂಡು, ಮೇಜಿನ ಹತ್ರ ಹೋಗಿ ಟರ್ಬೊದ ಚಕ್ರ ಕೈಗೆತ್ತಿಕೊಂಡ್ರು. ಹಲ್ಲಿಗೆ ಹೊಳಪು ಕೊಡೋ ಪೇಸ್ಟ್ ಹಚ್ಚಿ, ಸಣ್ಣ ಬ್ರಷ್ಷಲ್ಲಿ ಒಂದೊಂದು ಎಸಳೂ ಉಜ್ಜಿ ಮಸಿ ತೆಗೆದ್ರು. ಗ್ಯಾರೇಜಿನ ದಪ್ಪಣ್ಣ ಬಂದು ಇಂಜಿನ್ ಕೂರಿಸೋಕೆ ಕೈ ಹಾಕಿದ. ಸೀಟು ನಾನು ಹೊಲಿದೆ. ಹಳೇ ದಾರ ಬಿಚ್ಚುವಾಗ ಡ್ರೈವರ್ ಸೀಟಿನ ಸ್ಪಂಜಿಗೆ ಕೈ ಇಟ್ರೆ ಬೆಚ್ಚಗಿರೋದು, ಪಕ್ಕದ್ದು ತಣ್ಣಗೆ. ಯಾರಿಗೂ ಹೇಳ್ಲಿಲ್ಲ. ಹೊಲಿದು ಮುಗಿಸಿದೆ.

ಗಾಡಿ ಸ್ಟಾರ್ಟ್ ಆದ ದಿನ ಸಂಜೆಗೇ ಹೊರಟ್ವಿ. ಭಾವ ಓಡಿಸಿದ್ರು, ಹಿಂದೆ ಮುದುಡಿಕೊಂಡು ನಾನು. ಪಕ್ಕದ ಸೀಟು ಖಾಲಿ. ಊರಾಚೆ ರಸ್ತೇಲಿ ಆಕ್ಸಿಲರೇಟರ್ ಒತ್ತಿದ್ರು. ಸೂಯ್ಯ್ಯ್… ಬೆನ್ನು ಸೀಟಿಗೆ ಅಂಟ್ಕೊಂಡಿತು. ಎಂಥೋರಿಗೂ ಮೈ ಜುಮ್ ಅನ್ನಬೇಕು. ಭಾವನ ಮುಖ ಕನ್ನಡೀಲಿ ಕಾಣ್ತಿತ್ತು. ಏನೂ ಇರ್ಲಿಲ್ಲ ಅದರಲ್ಲಿ.

ಲೈಬ್ರರಿಯಮ್ಮನ ಗೇಟಿನ ಹತ್ರ ನಿಲ್ಲಿಸಿದ್ರು. ಕೀ ತಿರುಗಿಸ್ಲಿಲ್ಲ. ಇಳಿಯೋ ಮುಂಚೆ ಸ್ಟೀರಿಂಗ್ ಮೇಲೆ ಕೈ ಇಟ್ಟು, ತಗ್ಗಿದ ದನೀಲಿ ಹೇಳಿದ್ರು, "ಅಲ್ಲಿ ಅವಳು ಸಿಕ್ರೆ… ಡಬ್ಬ ಮನೆಗೆ ಬಂತು ಅಂತ ಹೇಳಿ."

ಇಳಿದ್ವಿ.

ಲೈಬ್ರರಿಯಮ್ಮ ಬಂದು ಪಕ್ಕದ ಸೀಟಲ್ಲಿ ಕೂತು ಬಾಗಿಲು ಹಾಕ್ಕೊಂಡ್ರು. ಡ್ರೈವರ್ ಸೀಟು ಖಾಲಿ. ಇಂಜಿನ್ ಓಡ್ತಿದೆ. ಡುಗು ಡುಗು ಡುಗು… ನಾವಿಬ್ರೂ ಗೇಟಿಗೆ ಒರಗಿ ನಿಂತ್ವಿ. ಗಾಜಿನ ಒಳಗೆ ಅವರು ನೇರ ಮುಂದೆ ನೋಡ್ತಿದ್ರು, ಮಡಿಲಲ್ಲಿ ಕೈ. ಒಂದು ಸಲ ಆ ಕಡೆ ತಿರುಗಿ ಏನೋ ಅಂದ್ರು. ಕೇಳಿಸ್ಲಿಲ್ಲ. ತಲೆ ಆಡಿಸಿದ್ರು. ಮತ್ತೆ ಮುಂದೆ ನೋಡ್ತಾ ಕೂತ್ರು. ಬೀದಿ ದೀಪ ಹತ್ತಿಕೊಂಡ್ವು.

ಟಕ್.

ಕೀ ತಿರುಗಿದ ಸದ್ದು. ಇಂಜಿನ್ ನಿಂತಿತು. ಒಳಗೆ ಟರ್ಬೊ ಚಕ್ರ ಸೂ… ಅಂತ ಸಣ್ಣದಾಗ್ತಾ ಹೋಗಿ ಇಲ್ಲದಾಯ್ತು. ಲೈಬ್ರರಿಯಮ್ಮನ ಕೈ ಮಡಿಲು ಬಿಟ್ಟು ಅಲುಗಿರ್ಲಿಲ್ಲ. ನಾನು ಅವರನ್ನೇ ನೋಡ್ತಿದ್ದೆ.

ಅವರು ಇಳಿದ್ರು. ನಮ್ಮ ಕಡೆ ನೋಡ್ಲಿಲ್ಲ. "ಬನ್ನಿ, ಒಳಗೆ ಹೋಗೋಣ," ಅಂದ್ರು. ನಮಗಲ್ಲ. ಹಿಂದೆ ತಿರುಗದೇ ಮೆಟ್ಟಿಲು ಹತ್ತಿ ಹೋದ್ರು. ಬಾಗಿಲು ಮುಚ್ಚಿತು.

ಬರೋ ದಾರೀಲಿ ಗಾಡಿ ಬರೀ ಗಾಡಿಯಾಗಿತ್ತು. ಶೆಡ್ಡಿನ ಮುಂದೆ ನಿಲ್ಲಿಸಿ ಭಾವ ಇಂಜಿನ್ ಓಡೋಕೆ ಬಿಟ್ಟು ಕೂತ್ರು. ನಾನೂ ಕೂತೆ. ಯಾರೂ ಕೆಮ್ಮಲಿಲ್ಲ. ಅಕ್ಕನೂ ಬರ್ಲಿಲ್ಲ. ಆಮೇಲೆ ಭಾವನೇ ಕೀ ತಿರುಗಿಸಿ, "ಊಟ ಏನಿದೆ?" ಅಂದ್ರು. ಮಾರನೇ ವಾರದಿಂದ ಹಲ್ಲಿನ ಕೆಲಸಕ್ಕೆ ಹೋದ್ರು. ಅಷ್ಟು ಸಾಕು ಅನ್ನಿಸ್ತು ನನಗೆ.

ಆ ಸಂಜೆ ಆದ ಮಾರನೇ ಬೆಳಗ್ಗೆದು ಒಂದು ಹೇಳ್ಬೇಕು. ಗಾಬರಿ ಏನಾದ್ರೂ ಆಗಿದ್ಯಾ ಅಂತ ಲೈಬ್ರರಿಯಮ್ಮನ್ನ ನೋಡೋಕೆ ಹೋಗಿದ್ದೆ. ಬಾಗಿಲು ತಟ್ಟಿದೆ. ಕಿಟಕಿಯಿಂದ ಮುಖ ತೋರಿಸಿ, "ಹಿತ್ತಲ ಕಡೆಯಿಂದ ಬಾರಮ್ಮ, ಇದು ತೆಗೆಯೋಕೆ ನನಗೆ ಆಗ್ತಿಲ್ಲ," ಅಂದ್ರು. ಹಿಂದಿಂದ ಒಳಗೆ ಹೋದೆ.

ಮುಂಬಾಗಿಲ ಮೇಲ್ತುದೀಲಿ, ಚೌಕಟ್ಟಿಗೆ ತಾಗೋ ಹಾಗೆ ಒಂದು ಚಿಲಕ. ಗಂಡ ಇದ್ದಾಗ ರಾತ್ರಿ ಅವರೇ ಹಾಕ್ತಿದ್ರಂತೆ. ಇವರಿಗೆ ಕೈ ನಿಲುಕಲ್ಲ. ಅವರು ಹೋದ ಮೇಲೆ ಮನೆಗೆ ಬಣ್ಣ ಹೊಡೆಸಿದಾಗ ಚಿಲಕಕ್ಕೂ ಸೇರಿಸಿ ಬಳಿದು, ಅದು ತೆರೆದಿದ್ದ ಹಾಗೇ ಗಟ್ಟಿಯಾಗಿ ಅಂಟಿ ಹೋಗಿತ್ತಂತೆ.

ಆ ಚಿಲಕ ಹಾಕಿತ್ತು. ಒಳಗಿಂದ.

ನಾನೇ ಕುರ್ಚಿ ಹತ್ತಿ ತೆಗೆದೆ. ಸಲೀಸಾಗಿ ಬಂತು. ಹೊಸ್ತಿಲ ಮೇಲೆ ಒಣಗಿದ ಬಿಳಿ ಬಣ್ಣದ ಚಕ್ಕೆ ಉದುರಿ ಬಿದ್ದಿದ್ವು. ಅವರು ಗುಡಿಸಿರ್ಲಿಲ್ಲ. ಸುಳ್ಳು ಹೇಳಿ ನನಗೇನಾಗ್ಬೇಕು ಹೇಳಿ? ಬೆರಳಲ್ಲಿ ಒತ್ತಿ ಎತ್ಕೊಂಡು ನೋಡಿದೀನಿ… ಬಿಳಿ ಚಕ್ಕೆ.