ಗಾಜಿನ ಲಾರಿಗೆ ಹೊಸ ಕ್ರೌನ್-ಪಿನಿಯನ್

ಬಿಡಿಭಾಗಗಳ ಅಂಗಡಿಯಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಊರೊಳಗೆ ಮನೆಮನೆಗೆ ಕನ್ನಡಿ, ಕಿಟಕಿ ಗಾಜು ಸಾಗಿಸುವ ಲಾರಿ ಅವರದು. ಹಿಂದಿನ ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್, ಅಂದರೆ ಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿಗಳ ಜೋಡಿ, ಸವೆದಿತ್ತು. ಅಂಗಡಿಯವನು ಮುಂದಿಟ್ಟ ಎರಡರಲ್ಲಿ ಯಾವ ಜೋಡಿ ಕೊಳ್ಳುವುದೆಂದು ಅವರು ತೀರ್ಮಾನಿಸುವ ತನಕ ನಾನು ಕಂಬದ ಹಾಗೆ ನಿಂತಿರಬೇಕಿತ್ತು.

“ಈ ಜೋಡಿ ಹಾಕಿಸಿದ್ರೆ ಗಾಡಿ ಚಿಮ್ಮುತ್ತೆ ಕಣೇ. ಸಿಗ್ನಲ್ ಬಿಟ್ಟ ಕೂಡ್ಲೇ ನಾವೇ ಮುಂದೆ.”

“ನಾವು ಮುಂದೆ ಹೋಗ್ತೀವಿ. ಗಾಜು ಅಲ್ಲೇ ಉಳ್ಕೊಳ್ಳುತ್ತೆ.”

“ಹಗ್ಗ ಬಿಗೀತೀನಲ್ಲ.”

“ಹೋದ್ಸಲ ನೀವು ಬಿಗಿದಿದ್ದಕ್ಕೇ ಬೀರು ಕನ್ನಡಿ ಎರಡು ಹೋಳಾಗಿದ್ದು.”

“ಆ ಇನ್ನೊಂದು ಹಾಕಿಸಿದ್ರೆ ಮಲಗಿದ್ದ ಎಮ್ಮೆ ಎದ್ದ ಹಾಗೆ ಎದ್ದೇಳುತ್ತೆ.”

“ಏಳಲಿ ಬಿಡಿ. ರಿಂಗ್ ರೋಡಲ್ಲಿ ಎಂಜಿನ್ನಾದ್ರೂ ಕಿರುಚಲ್ಲ.”

“ಗ್ಯಾರೇಜಿನವರೆಲ್ಲ ನಗ್ತಾರೆ.”

“ಈಗೇನು ಅಳ್ತಿದಾರಾ?”

ಯಾವುದು ಕಟ್ಟಲಿ ಎಂದು ಅಂಗಡಿಯವನು ಕೇಳಿದ. ಕಾದು ಸಾಕಾಗಿ ನಾನು ಬೈಯಲು ಬಾಯಿ ತೆರೆದಿದ್ದೆ.

“ಚಿಮ್ಮೋದೇ ಕೊಡಿ,” ಎಂದಳು ಅವಳು. ಗಂಡನ ಮುಖ ಅರಳಿತು.

“ನಾನು ಓಡಿಸ್ತೀನಿ. ಇವರು ಹಿಂದೆ ಗಾಜು ತಬ್ಕೊಂಡು ಕೂತ್ಕೋತಾರೆ.”

ಗಂಡ ಒಮ್ಮೆ ಕೆಮ್ಮಿದ.

“ಅಣ್ಣಾ, ನಿಧಾನದ್ದೇ ಕಟ್ಟಿಬಿಡಿ.”

ಭಾರದ ಪೆಟ್ಟಿಗೆಯನ್ನು ಅವನೇ ಹೆಗಲಿಗೇರಿಸಿಕೊಂಡ. ಅವಳು ಮುಂದೆ ಹೋಗಿ ಬಾಗಿಲು ಹಿಡಿದು, “ಮೆಲ್ಲಗೆ ಬನ್ನಿ, ಚಿಮ್ಮೋಕೆ ಇದೇನು ಸಿಗ್ನಲ್ ಅಲ್ಲ,” ಎಂದಳು.