ಬಚ್ಚಿಟ್ಟ ಡಬ್ಬಿಗೆ ಬೋರ್ಡು

ಪಾರ್ಕಿನ ಕಚೇರಿಯಲ್ಲಿ ವನಜಾ ಸರದಿ ಕಾಯುತ್ತಾ, ಕೆಟ್ಟ ದೀಪದ ಬಗ್ಗೆ ಬರೆದ ಅರ್ಜಿಯನ್ನು ಮೂರನೆಯ ಸಲ ಓದುತ್ತಿದ್ದಳು. ಮುಂದಿದ್ದ ಯುವಕನ ಕೈಯಲ್ಲಿ ಪುಟ್ಟ ಡಬ್ಬಿಯಿತ್ತು. ಅದನ್ನು ಪಾರ್ಕಿನಲ್ಲಿ ಬಚ್ಚಿಟ್ಟರೆ, ಅಪರಿಚಿತರು ಫೋನಿನ ನಕ್ಷೆ ಹಿಡಿದು ಹುಡುಕುವ ಆಟವಂತೆ.

"ಫೀಸು ಕಟ್ಟಿದೀನಲ್ಲ ಶ್ಯಾಮಣ್ಣ, ಇನ್ನೇನು?"

"ಡಬ್ಬಿ ಪಕ್ಕ ಬೋರ್ಡ್ ಹಾಕ್ಬೇಕು ಸಾರ್. ಪರ್ಮಿಷನ್ ನಂಬರು, ನಿಮ್ಮೆಸ್ರು, ಮೊಬೈಲು," ಎಂದ ಮೇಲ್ವಿಚಾರಕ.

"ಬೋರ್ಡ್ ಹಾಕಿದ್ರೆ ಹುಡುಕೋದೇನು ಬಂತಣ್ಣ?"

"ಬೇಗ ಸಿಗುತ್ತಲ್ಲ, ಪಾಪ, ಜನಕ್ಕೆ."

"ಬೇಗ ಸಿಗಬಾರದು ಕಣಣ್ಣ! ಭಾನುವಾರ ಕಾಡುಗೋಡಿಯಿಂದೆಲ್ಲ ನಲವತ್ತು ಜನ ಬರ್ತಿದಾರೆ. ನನ್ನ ಮರ್ಯಾದೆ ಹೋಗುತ್ತೆ."

"ಬೋರ್ಡ್ ಇಲ್ದಿದ್ರೆ ಡಬ್ಬಿ ಎತ್ತಾಕ್ತೀನಿ. ರೂಲ್ಸು."

"ಎಷ್ಟು ದೊಡ್ಡದಿರ್ಬೇಕು ಬೋರ್ಡು?"

ಶ್ಯಾಮಣ್ಣ ಸುತ್ತೋಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸೈಜ್ ಬರ್ದಿಲ್ಲ. ಕಾಣೋ ಹಂಗಿರ್ಬೇಕು ಅಂತಾನೂ ಬರ್ದಿಲ್ಲ."

ಯುವಕನ ಮುಖ ಅರಳಿತು.

"ಬನ್ನಿ ಸಾರ್," ಶ್ಯಾಮಣ್ಣ ಚಪ್ಪಲಿ ಮೆಟ್ಟಿಕೊಂಡ. "ಬೋರ್ಡ್ ಬಚ್ಚಿಡಕ್ಕೆ ಒಳ್ಳೆ ಪೊದೆ ತೋರಿಸ್ತೀನಿ."

ಅವರು ಹೊರಟೇಹೋದರು. ಖಾಲಿ ಕುರ್ಚಿಯ ಮುಂದೆ ನಿಂತ ವನಜಾ ತನ್ನ ಅರ್ಜಿಯನ್ನು ನಾಲ್ಕನೆಯ ಸಲ ಓದತೊಡಗಿದಳು.